ಮಯೂರಖಂಡಿಯ ಬೆನ್ನು ಹತ್ತಿ

ವಣಿ ದಾಟುತ್ತಿದ್ದಂತೆ ದ್ರಾಕ್ಷಿ ತೋಟಗಳು ಹಿಂದೆ ಸರಿದು ಬೆಟ್ಟಗಳು ಮುತ್ತಿಕೊಳ್ಳುತ್ತವೆ. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಟವರು ಸಾಮಾನ್ಯವಾಗಿ ಈ ಕಡೆ ಬರುವುದಿಲ್ಲ. ಯೇವಲೆಯಲ್ಲಿ ಪೈಠಣಿ ಸೀರೆ ನೋಡಿಕೊಂಡು ನೇರ ಎಲ್ಲೋರಾ ಸೇರುತ್ತಾರೆ. ನಾವು ಉತ್ತರಕ್ಕೆ ಹೊರಳಿದ್ದು ಒಂದು ಹೆಸರಿನ ಆಸೆಗೆ: ರಾಷ್ಟ್ರಕೂಟರ ಮಯೂರಖಂಡಿ.

ಗೆಳೆಯನದು ಫೋರ್ ವೀಲ್ ಡ್ರೈವ್ ಪಿಕಪ್. ಹಿಂಭಾಗದಲ್ಲಿ ಇಬ್ಬರು ಮಲಗುವಷ್ಟು ಕೋಣೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು. ಹೆದ್ದಾರಿಗೆ ಇಂಥ ಗಾಡಿ ಬೇಕಿಲ್ಲ. ಮಳೆ ಉಂಡ ಎರೆಮಣ್ಣಿನ ಹೊಲದಾರಿಗೆ ಬೇಕೇ ಬೇಕು. ಆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಸಾಮಾನ್ಯ ಕಾರು ಮಿಸುಕುವುದಿಲ್ಲ. ರಾತ್ರಿ ಯಾರದಾದರೂ ಹೊಲದಂಚಿನಲ್ಲಿ ಕೇಳಿಕೊಂಡೇ ಗಾಡಿ ನಿಲ್ಲಿಸುತ್ತಿದ್ದೆವು. ಭಾಕರಿ, ಪಿಠಲೆ, ಠೇಚಾ ತಾವಾಗಿ ಬರುತ್ತಿದ್ದವು.

ಮಾರ್ಕಂಡ್ಯ ಬೆಟ್ಟದ ಬುಡದ ಚಹಾ ಗುಡಿಸಲಿನಲ್ಲಿ, "ಮಾವಶಿ, ಮಯೂರಖಂಡಿ ಅಂದರೆ ಇದೇನಾ?" ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಆಕೆ ಆ ಹೆಸರು ಕೇಳಿರಲಿಲ್ಲ. ಇದು ಮಾರ್ಕಂಡ ಋಷಿಯ ಡೋಂಗರ, ಇಲ್ಲಿ ಕೂತು ಋಷಿ ದೇವಿಯನ್ನು ಸ್ತುತಿಸಿದ, ಅದನ್ನು ಆಲಿಸಲೆಂದೇ ಎದುರಿನ ಸಪ್ತಶೃಂಗಿ ತಾಯಿ ತಲೆ ಓರೆ ಮಾಡಿದ್ದಾಳೆ ಎಂದಳು. ಹದಿನೆಂಟು ತೋಳಿನ ಆ ಮೂರ್ತಿಯ ಮುಖ ನಿಜಕ್ಕೂ ಒಂದು ಕಡೆ ವಾಲಿದೆ.

ರಾಷ್ಟ್ರಕೂಟ ಮೂರನೆಯ ಗೋವಿಂದ 9ನೇ ಶತಮಾನದ ಮೊದಲ ದಶಕದಲ್ಲಿ ಮಯೂರಖಂಡಿಯಲ್ಲಿದ್ದು ದಾನ ಕೊಟ್ಟ ತಾಮ್ರಪಟ ಸಿಕ್ಕಿದ್ದು ಇದೇ ವಣಿಯಲ್ಲಿ. ಅದನ್ನು ಹಿಡಿದೇ ಜರ್ಮನ್ ವಿದ್ವಾಂಸ ಜಾರ್ಜ್ ಬ್ಯೂಲರ್ ಈ ಕೋಟೆಬೆಟ್ಟವನ್ನು ಮಯೂರಖಂಡಿ ಎಂದು ಗುರುತಿಸಿದರು. ಆದರೆ ಮಯೂರಖಂಡಿ ಎಂದು ನಮ್ಮಲ್ಲಿ ಅನೇಕರು ಓದಿರುವುದು ಬೀದರ್ ಜಿಲ್ಲೆಯ ಮೋರಖಂಡಿಯ ಹೆಸರನ್ನು. ತಾಮ್ರಪಟವೇನೂ ಕೊನೆಯ ಸಾಕ್ಷಿಯಲ್ಲ. ದಾನ ಪಡೆದವನ ಮನೆಗೆ ಅದು ಹೋಗುತ್ತದೆ, ಕೊಟ್ಟ ದೊರೆಯ ಬಳಿ ಉಳಿಯುವುದಿಲ್ಲ. ಗುಜರಾತಿನ ರಾಧನಪುರದಲ್ಲಿ ಸಿಕ್ಕ ಅದೇ ರಾಜನ ಪಟವೂ ಮಯೂರಖಂಡಿಯಿಂದಲೇ ಹೊರಟದ್ದು. ಅದು ರಾಜಧಾನಿಯೋ ದಂಡು ಬಿಟ್ಟ ಬೀಡೋ ಎಂಬುದೂ ಇತ್ಯರ್ಥವಾಗಿಲ್ಲ.

ಆದರೂ ಬೆಟ್ಟ ಹತ್ತಿದ ಮೇಲೆ ನನ್ನ ಮನಸ್ಸು ನಾಸಿಕದ ಕಡೆಗೇ ವಾಲಿತು. ಮೇಲೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ. ಅವುಗಳ ಕಾಲ ಹೇಳುವ ಅಕ್ಷರವೊಂದೂ ಕಣ್ಣಿಗೆ ಬೀಳಲಿಲ್ಲ. ಉತ್ತರಕ್ಕೆ ನೋಡಿದರೆ ಖಾನದೇಶದತ್ತ ಇಳಿಯುವ ನೆಲ, ವಾಯವ್ಯಕ್ಕೆ ಗೋವಿಂದ ತನ್ನ ತಮ್ಮ ಇಂದ್ರನಿಗೆ ವಹಿಸಿದ ಲಾಟ ದೇಶದ, ಅಂದರೆ ದಕ್ಷಿಣ ಗುಜರಾತಿನ, ದಿಕ್ಕು. ಪ್ರತೀಹಾರ ನಾಗಭಟನನ್ನು ಸೋಲಿಸಲು, ಬಂಗಾಳದ ಧರ್ಮಪಾಲನಿಂದ ಶರಣು ಪಡೆಯಲು ಹೊರಟ ದೊರೆಗೆ ಬೀದರಿಗಿಂತ ಈ ಗಡಿಯ ಬೆಟ್ಟವೇ ಅನುಕೂಲ.

ಅಲ್ಲಿಂದ ಪೂರ್ವಕ್ಕೆ ಚಾಂದವಡ, ಯೇವಲೆ, ವೈಜಾಪುರ. ದಾರಿಯುದ್ದಕ್ಕೂ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು. ವೇರೂಳದ, ಅಂದರೆ ಎಲ್ಲೋರಾದ, 16ನೇ ಗುಹೆ, ಗೋವಿಂದನ ಅಜ್ಜ ಒಂದನೆಯ ಕೃಷ್ಣನ ಕೈಲಾಸ, ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೋಡಿದವರಿಗೆ ಹೊಸದೆನಿಸುವುದಿಲ್ಲ. ಅದೇ ಮಾದರಿಯನ್ನು ಇಲ್ಲಿ ಶಿಖರದಿಂದ ಬುಡಕ್ಕೆ ಕಡಿದಿದ್ದಾರೆ. ಜನ ಅಲ್ಲಿ ಮಾತ್ರ ಕಿಕ್ಕಿರಿಯುತ್ತಾರೆ. ಪಕ್ಕದ 15ನೇ ಗುಹೆ ದಶಾವತಾರದಲ್ಲಿ ದಂತಿದುರ್ಗನ ಶಾಸನವಿದೆ. ನಾವು ಹೋದಾಗ ಅದರ ಮುಂದೆ ಒಬ್ಬರೂ ಇರಲಿಲ್ಲ. ರಾಷ್ಟ್ರಕೂಟರ ಏಳಿಗೆ ಶುರುವಾದದ್ದೇ ಆ ದೊರೆಯಿಂದ.

ಕರ್ನಾಟಕ ಮತ್ತು ಮಹಾರಾಷ್ಟ್ರದ ಪುರಾತತ್ವ ಇಲಾಖೆಗಳು ಸೇರಿ ಮಾರ್ಕಂಡ್ಯ ಬೆಟ್ಟದಲ್ಲೂ ಬೀದರಿನ ಮೋರಖಂಡಿಯಲ್ಲೂ ಒಮ್ಮೆ ಸರಿಯಾಗಿ ಅಗೆದು ನೋಡಬೇಕು. ಎಲ್ಲೋರಾಕ್ಕೆ ಹೊರಡುವ ಕನ್ನಡಿಗರು ಅದಕ್ಕೆ ಕಾಯಬೇಕಿಲ್ಲ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ವಣಿಯ ದಾರಿ ಹಿಡಿಯಿರಿ. ಮಂಗಳವಾರ ಎಲ್ಲೋರಾ ಗುಹೆಗಳಿಗೆ ರಜೆ, ಬೆಟ್ಟಕ್ಕೆ ಆ ದಿನವನ್ನೇ ಇಟ್ಟುಕೊಳ್ಳಬಹುದು.