ಅರುವತ್ತೈದು ವರ್ಷದ ಅತಿಥಿಗಳು

ಮೈಸೂರಿನಿಂದ ಪಡುವಣಕ್ಕೆ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಸುಮಾರು 80 ಕಿಲೋಮೀಟರು ಸಾಗಿದರೆ ಬೈಲಕುಪ್ಪೆ ಸಿಕ್ಕುತ್ತದೆ. ಕೊಡಗಿನ ವಿಹಾರಕ್ಕೆಂದು ಹೊರಟವರು ಅಲ್ಲಿ ಒಂದೆರಡು ಗಂಟೆ ತಂಗುವುದು ವಾಡಿಕೆ. ‘ಗೋಲ್ಡನ್ ಟೆಂಪಲ್’ ಎಂದೇ ಜನ ಕರೆಯುವ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಚಿನ್ನದ ಲೇಪದ ಮೂರು ಬೃಹದ್ವಿಗ್ರಹಗಳ ಮುಂದೆ ನಿಂತು, ಕತ್ತು ನೋಯುವವರೆಗೆ ತಲೆಯೆತ್ತಿ ನೋಡಿ, ಭಾವಚಿತ್ರ ತೆಗೆದುಕೊಂಡು, ಒಂದು ತಟ್ಟೆ ಮೋಮೊ ತಿಂದು ಸಂಜೆಯೊಳಗೆ ಮಡಿಕೇರಿ ಸೇರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೈಲಕುಪ್ಪೆ ಅಷ್ಟರಲ್ಲೇ ಮುಗಿಯಿತೆಂದು ತಿಳಿದರೆ ಮಾತ್ರ ನಾವು ಬಹಳ ಕಳೆದುಕೊಂಡಂತೆ. ಏಷ್ಯಾಖಂಡದ ರಾಜಕಾರಣದ ಅತ್ಯಂತ ಸಿಕ್ಕಾದ ಗಂಟುಗಳಲ್ಲೊಂದು ನಮ್ಮ ಮೈಸೂರು ಜಿಲ್ಲೆಯ ಈ ಮುಸುಕಿನ ಜೋಳದ ಹೊಲಗಳ ನಡುವೆ ಬಿದ್ದಿದೆ.

ಒಂದು ನಿದರ್ಶನವನ್ನು ನೋಡೋಣ. 2025ರ ಜನವರಿಯ ಮೊದಲ ವಾರದಲ್ಲಿ ದಲಾಯಿ ಲಾಮಾ ಅವರು ಬೈಲಕುಪ್ಪೆಗೆ ಬಂದು ಅಲ್ಲಿನ ತಾಶಿ ಲ್ಹುನ್‌ಪೊ ವಿಹಾರದಲ್ಲಿ ಬಿಡಾರ ಮಾಡಿದರು. ಜನವರಿ 7ರಂದು ಟಿಬೆಟ್ಟಿನ ಡಿಂಗ್ರಿ ಸೀಮೆಯಲ್ಲಿ ಭಾರಿ ಭೂಕಂಪವಾಗಿ, ಚೀನಾ ಸರ್ಕಾರದ ಲೆಕ್ಕದಂತೆಯೇ 126 ಮಂದಿ ಮೃತರಾದರು. ಡಿಂಗ್ರಿ ಇರುವುದು ಶಿಗಾತ್ಸೆ ಪ್ರಾಂತದಲ್ಲಿ. ಮೂಲ ತಾಶಿ ಲ್ಹುನ್‌ಪೊ ಇರುವುದೂ ಶಿಗಾತ್ಸೆಯಲ್ಲಿಯೇ. ತಮ್ಮ ಮಠದ ಸೀಮೆಯಲ್ಲಿ ಸತ್ತವರಿಗಾಗಿ ಹಿಮಾಲಯದ ಆಚೆ ಹೋಗಿ ಒಂದು ದೀಪ ಹಚ್ಚಲಾರದ ಭಿಕ್ಷುಗಳು, ಅದೇ ಹೆಸರಿನ ಮಠವನ್ನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಟ್ಟಿಕೊಂಡು, ಆ ವಾರವೇ ಇಲ್ಲಿ ಕುಳಿತು ಪ್ರಾರ್ಥನೆ ಸಲ್ಲಿಸಿದರು. ಊರೊಂದು ಎರಡಾಗುವುದು ಎಂದರೆ ಇದೇ ತಾನೆ?

ನೆಲ ಕೊಟ್ಟ ನಾಡು

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1950ರ ಅಕ್ಟೋಬರಿನಲ್ಲಿ ಚೀನಾದ ಸೇನೆ ಟಿಬೆಟ್ಟಿನ ಮೂಡಣ ಭಾಗವನ್ನು ಹೊಕ್ಕಿತು. 1954ರ ಏಪ್ರಿಲಿನಲ್ಲಿ ಭಾರತ ಮತ್ತು ಚೀನಾಗಳು ಸಹಿ ಹಾಕಿದ ಒಪ್ಪಂದ ಪಂಚಶೀಲಕ್ಕಾಗಿ ಹೆಸರಾಯಿತು. ಆದರೆ ಅದು ಮೂಲತಃ ಟಿಬೆಟ್ಟಿನೊಡನೆ ವ್ಯಾಪಾರ, ಯಾತ್ರೆಗಳನ್ನು ಕುರಿತ ಒಪ್ಪಂದ. ಅದರ ಶೀರ್ಷಿಕೆಯಲ್ಲಿಯೇ ಟಿಬೆಟ್ಟನ್ನು ‘ಚೀನಾದ ಪ್ರದೇಶ’ವೆಂದು ನಾವು ಒಪ್ಪಿಕೊಂಡೆವು. ಐದು ಶೀಲಗಳು ಎಲ್ಲರ ನಾಲಗೆಯ ಮೇಲೆ ನಿಂತವು. ಆ ಎರಡು ಪದಗಳನ್ನು ಗಮನಿಸಿದವರು ಕಡಮೆ. 1959ರ ಮಾರ್ಚಿಯಲ್ಲಿ ಲ್ಹಾಸಾದಲ್ಲಿ ಬಂಡಾಯವೆದ್ದಾಗ, 23 ವರ್ಷದ ದಲಾಯಿ ಲಾಮಾ ಮಾರುವೇಷದಲ್ಲಿ ಅರಮನೆ ಬಿಟ್ಟು, ಎರಡು ವಾರ ಹಿಮದಲ್ಲಿ ನಡೆದು, ಮಾರ್ಚಿ 31ರಂದು ಭಾರತದ ನೆಲ ಮುಟ್ಟಿದರು. ಅವರ ಹಿಂದೆ ಬಂದವರು ಸುಮಾರು ಎಂಬತ್ತು ಸಾವಿರ ಮಂದಿ.

ಬಂದವರನ್ನು ಇರಿಸುವುದೆಲ್ಲಿ? ಅಸ್ಸಾಮಿನ ಮಿಸ್ಸಾಮಾರಿ ಶಿಬಿರದ ಸೆಕೆಯಲ್ಲಿ ಸತ್ತವರೆಷ್ಟೋ. ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಹೋದವರೆಷ್ಟೋ. ನೆಹರೂ ಅವರು ರಾಜ್ಯಗಳಿಗೆ ಪತ್ರ ಬರೆದು ನೆಲ ಕೇಳಿದಾಗ, ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯ ಕಾಡುನೆಲದಲ್ಲಿ ಸುಮಾರು 3000 ಎಕರೆ ಗುತ್ತಿಗೆಯ ಮೇಲೆ ದೊರೆಯಿತು. ದಲಾಯಿ ಲಾಮಾ ಅವರು ಕರ್ನಾಟಕಕ್ಕೆ ಬಂದಾಗಲೆಲ್ಲ ನಿಜಲಿಂಗಪ್ಪನವರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ, ಅದು ಯೋಗ್ಯವೇ. ಆದರೆ 1960ರಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು ಎಂಬುದನ್ನೂ ನಾವು ಮರೆಯಲಾಗದು. ನಿಜಲಿಂಗಪ್ಪನವರ ಆಳ್ವಿಕೆ ಅದಕ್ಕೆ ಹಿಂದೆಯೂ ಇತ್ತು, 1962ರಿಂದ ಮುಂದೆಯೂ ಇತ್ತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ವಸಾಹತು ಎದ್ದದ್ದು ಅವರ ಕಾಲದಲ್ಲಿ. ಬಳಿಕ ಬೈಲಕುಪ್ಪೆಯಲ್ಲೇ ಎರಡನೆಯ ವಸಾಹತು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹೀಗೆ ಒಟ್ಟು ಐದಾದವು. ಇಂದು ಮಹಿಳಾ ಸ್ವಸಹಾಯ ಸಂಘಗಳ ಕೆಲಸದಿಂದ ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿರುವ ‘ಮೈರಾಡ’ ಸಂಸ್ಥೆ ಹುಟ್ಟಿದ್ದೂ 1968ರಲ್ಲಿ ಈ ಟಿಬೆಟ್ಟಿಗರ ನೆಲೆ ಕಟ್ಟುವ ಕಾರ್ಯಕ್ಕಾಗಿಯೇ.

ಮೊದಲು ಬಂದ ಕೆಲವು ನೂರು ಮಂದಿಯ ಪಾಡನ್ನು ಊಹಿಸಿಕೊಳ್ಳಿ. ಚಮರೀಮೃಗ ಮೇಯಿಸಿ, ಬಾರ್ಲಿಹಿಟ್ಟು ತಿಂದು, ಚಳಿಯಲ್ಲೇ ಬೆಳೆದವರು. ಅವರ ಕೈಗೆ ಮಚ್ಚು ಗುದ್ದಲಿ ಕೊಟ್ಟು ಬಿದಿರ ಮೆಳೆ ಕಡಿಯಲು ಹೇಳಿದರು. ಹಗಲು ಬಿಸಿಲು, ಇರುಳು ಆನೆ. ಕ್ಷಯ, ಮಲೇರಿಯಗಳು ಬೇರೆ. ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಅವರ ಕೈ ಹಿಡಿಯಿತು. ಬೇಸಾಯ ಮುಗಿದ ಮೇಲೆ ಚಳಿಗಾಲದಲ್ಲಿ ಊರೂರಿಗೆ ಸ್ವೆಟರಿನ ಗಂಟು ಹೊತ್ತರು. ನಮ್ಮಲ್ಲಿ ಅವರ ಅಂಗಡಿಯ ಸ್ವೆಟರು ತೊಟ್ಟು ಬೆಳೆಯದವರು ಎಷ್ಟು ಮಂದಿ?

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅದೇ ಸೀಮೆಯ ಜೇನುಕುರುಬರು ನಾಗರಹೊಳೆಯ ಕಾಡಿನಿಂದ ಹೊರಬಿದ್ದು, ಹಾಡಿಗಳಲ್ಲಿ ಅಂಗೈಯಗಲ ನೆಲಕ್ಕಾಗಿ ಇಂದಿಗೂ ಕಚೇರಿಗೆ ಅಲೆಯುತ್ತಿದ್ದಾರೆ. ಅವರು ‘ದೂರದವರಿಗೆ ಕೊಟ್ಟಿರಿ, ನಮಗೇಕಿಲ್ಲ?’ ಎಂದರೆ ಉತ್ತರ ಹೇಳುವುದು ಕಷ್ಟ. ಆದರೆ ಆ ಪ್ರಶ್ನೆಯನ್ನು ಟಿಬೆಟ್ಟಿಗರ ಬಾಗಿಲಲ್ಲಿ ನಿಂತು ಕೇಳುವುದಲ್ಲ. ವಿಧಾನಸೌಧದ ಬಾಗಿಲಲ್ಲಿ ಕೇಳಬೇಕಾದದ್ದು.

ಕಾವೇರಿಯ ದಡಕ್ಕೆ ಬಂದ ವಿದ್ಯಾಪೀಠ

ಲ್ಹಾಸಾದ ಸುತ್ತ ಹದಿನೈದನೆಯ ಶತಮಾನದಲ್ಲಿ ಹುಟ್ಟಿದ ಮೂರು ಮಹಾವಿಹಾರಗಳು ಗಾಂದೆನ್, ಡ್ರೆಪುಂಗ್ ಮತ್ತು ಸೇರಾ. ನಮ್ಮ ಹಳೆಯ ನಾಲಂದಾ ಪರಂಪರೆಯ ತರ್ಕ, ಮಾಧ್ಯಮಿಕ ದರ್ಶನಗಳನ್ನು ಕಾಪಾಡಿಕೊಂಡು ಬಂದವು ಇವೇ. ಇಂದು ಗಾಂದೆನ್, ಡ್ರೆಪುಂಗ್‌ಗಳ ಗಡೀಪಾರು ಪೀಠಗಳು ಮುಂಡಗೋಡಿನಲ್ಲಿವೆ; ಸೇರಾ ಬೈಲಕುಪ್ಪೆಯಲ್ಲಿದೆ. ಅಂದರೆ ಮೂರೂ ಕನ್ನಡನಾಡಿನಲ್ಲಿ! ಬ್ರಿಟಿಷರು ಸ್ವಾತಂತ್ರ್ಯಯೋಧರನ್ನು ಕೂಡಿಹಾಕುತ್ತಿದ್ದ ಬಂಗಾಳದ ಬಕ್ಸಾ ಕೋಟೆಯಲ್ಲಿ ಹತ್ತು ವರ್ಷ ಓದು ಮುಂದುವರಿಸಿ, ಅಲ್ಲಿ ಕ್ಷಯಕ್ಕೆ ಸಿಕ್ಕದೆ ಉಳಿದ ಭಿಕ್ಷುಗಳು 1970ರ ಸುಮಾರಿಗೆ ಇಲ್ಲಿಗೆ ಬಂದು ಸೇರಾವನ್ನು ಮತ್ತೆ ಕಟ್ಟಿದರು. ‘ಗೆಶೆ’ ಪದವಿಗೆ ಇಲ್ಲಿ ಇಪ್ಪತ್ತು ವರ್ಷದ ವ್ಯಾಸಂಗ ಬೇಕು. ಮಧ್ಯಾಹ್ನ ಅಂಗಳಕ್ಕೆ ಹೋದರೆ, ನಿಂತವನು ಅಂಗೈ ತಟ್ಟಿ ಪ್ರಶ್ನೆ ಎಸೆಯುವುದನ್ನೂ, ಕುಳಿತವನು ತಡವರಿಸದೆ ಉತ್ತರಿಸುವುದನ್ನೂ ಕಾಣಬಹುದು. ಎರಡೇ ವರ್ಷದಲ್ಲಿ ಎಂ.ಎ. ಮುಗಿಸಿದ ನನ್ನಂಥವನಿಗೆ ಅದು ಸ್ವಲ್ಪ ಗರ್ವಭಂಗದ ನೋಟವೇ ಸರಿ.

ಈ ಅಂಗಳದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. 2008ರ ಲ್ಹಾಸಾ ಪ್ರತಿಭಟನೆಗಳ ಅನಂತರ ಚೀನಾ ಗಡಿಯನ್ನು ಬಿಗಿಗೊಳಿಸಿದ್ದರಿಂದ, ಹಿಂದೆ ವರ್ಷಕ್ಕೆ ಎರಡು ಮೂರು ಸಾವಿರ ಮಂದಿ ನೇಪಾಳದ ಮಾರ್ಗವಾಗಿ ಬರುತ್ತಿದ್ದವರು ಈಗ ಬೆರಳೆಣಿಕೆಗೆ ಇಳಿದಿದ್ದಾರೆ. ಹೊಸ ವಟುಗಳಲ್ಲಿ ಬಹಳ ಮಂದಿ ಲಡಾಖ್, ಅರುಣಾಚಲ, ಸಿಕ್ಕಿಂ, ಭೂತಾನ, ನೇಪಾಳಗಳ ಮಕ್ಕಳು. ನಮ್ಮ ಗಡಿಯ ಹಳ್ಳಿಗಳ ಹುಡುಗರು ತಮ್ಮ ಧರ್ಮವನ್ನು ಎಲ್ಲಿ, ಯಾರಿಂದ ಕಲಿಯುತ್ತಾರೆ ಎಂಬುದು ದೇಶದ ಭದ್ರತೆಗೂ ಸೇರಿದ ಮಾತು. ಬೀಜಿಂಗಿಗೆ ಇದು ಚೆನ್ನಾಗಿ ಗೊತ್ತು, ದೆಹಲಿಗೂ ಗೊತ್ತಿರಲೇಬೇಕು.

ಭದ್ರತೆಯ ಮಾತು ಬಂದಿತಾದುದರಿಂದ ಇದನ್ನೂ ಹೇಳಿಬಿಡುತ್ತೇನೆ. 1962ರ ಚೀನಾ ಯುದ್ಧದ ನಡುವೆಯೇ, ನವೆಂಬರಿನಲ್ಲಿ, ಟಿಬೆಟ್ಟಿಗರದೇ ಒಂದು ಗುಪ್ತ ಸೇನಾಪಡೆಯನ್ನು ಭಾರತ ಕಟ್ಟಿತು. ಅದೇ ‘ಸ್ಪೆಷಲ್ ಫ್ರಾಂಟಿಯರ್ ಫೋರ್ಸ್’. 1971ರಲ್ಲಿ ಅದು ಚಿತ್ತಗಾಂಗ್ ಬೆಟ್ಟಗಳಲ್ಲಿ ಬಾಂಗ್ಲಾದೇಶದ ವಿಮೋಚನೆಗಾಗಿ ಹೋರಾಡಿತು. ಆದರೆ ಮಡಿದವರ ಹೆಸರು ಬಹುಕಾಲ ಎಲ್ಲಿಯೂ ಪ್ರಕಟವಾಗಲಿಲ್ಲ. 2020ರ ಆಗಸ್ಟಿನ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬಿಗೆ ಸಿಕ್ಕಿ ಆ ಪಡೆಯ ನೈಮಾ ತೆನ್‌ಜಿನ್ ಮೃತರಾದಾಗ, ಲೇಹ್‌ನಲ್ಲಿ ಅವರ ಪಾರ್ಥಿವ ಶರೀರದ ಮೇಲೆ ಭಾರತದ ಮತ್ತು ಟಿಬೆಟ್ಟಿನ ಎರಡು ಬಾವುಟಗಳನ್ನೂ ಹೊದಿಸಿದ್ದರು.

ಒಂದೇ ಮನೆ, ಎರಡು ದೇಶ

ಹೀಗೆ ನಮ್ಮ ಗಡಿಗಾಗಿ ಪ್ರಾಣ ಕೊಡುವ ಜನ ನಮ್ಮ ಕಾನೂನಿನ ಪ್ರಕಾರ ಯಾರು? ನಿರಾಶ್ರಿತರೂ ಅಲ್ಲ. ಏಕೆಂದರೆ 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಕಾಗದದ ಮೇಲೆ ಅವರು ವಿದೇಶೀಯರು. ‘ಆರ್.ಸಿ.’ ಎಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಇರತಕ್ಕವರು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿಗೆ ಬದಲಾಗಿ ಹಳದಿ ಪುಸ್ತಕ.

ಕಾಲೇಜಿನಲ್ಲಿ ನನ್ನೊಡನೆ ಓದಿದ ಬೈಲಕುಪ್ಪೆಯ ಗೆಳೆಯನೊಬ್ಬ ಇದ್ದಾನೆ. ಹುಟ್ಟಿದ್ದು 1988ರಲ್ಲಿ, ಕನ್ನಡ ನಮ್ಮ ಹುಣಸೂರಿನವರ ಹಾಗೆಯೇ ಆಡುತ್ತಾನೆ. ಈಚೆಗೆ ಸಿಕ್ಕಿದಾಗ ನಗುತ್ತಲೇ ಹೇಳಿದ: “ನಮ್ಮಣ್ಣ ಇಂಡಿಯನ್ನು, ನಾನು ಫಾರಿನರ್ರು ಕಣೋ. ಇಬ್ರೂ ಹುಟ್ಟಿದ್ದು ಒಂದೇ ಮನೇಲಿ. ಅವನು ಒಂದ್ ವರ್ಷ ಮುಂಚೆ ಹುಟ್ಟಿ ಬುದ್ಧಿವಂತ ಆಗ್ಬಿಟ್ಟ!”

ಇದು ಹಾಸ್ಯವಲ್ಲ, ಶಾಸನ. 1955ರ ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರೆಲ್ಲ, ತಂದೆತಾಯಿಗಳು ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಆ ದಿನದಿಂದ ಮುಂದೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನೂ ಬಿಗಿ. ಶಾಸನದಲ್ಲಿ ಇಷ್ಟು ಸ್ಪಷ್ಟವಾಗಿದ್ದರೂ ಹಳೆಯ ಮಕ್ಕಳಿಗೆ ಪಾಸ್‌ಪೋರ್ಟು ಸಿಕ್ಕದೆ, 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ, 2013ರಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪುಗಳು ಬೇಕಾದವು. 2014ರಲ್ಲಿ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2017ರಲ್ಲಿ ಪಾಸ್‌ಪೋರ್ಟಿಗೆ ಹಾದಿ ತೆರೆಯಿತು. ಆದರೆ ಹಾದಿಯ ಮೇಲೆ ಮುಳ್ಳಿನ ಬೇಲಿಯನ್ನೂ ಹಾಕಿದರು: ಆರ್.ಸಿ. ಹಿಂತಿರುಗಿಸಬೇಕು, ಗಡೀಪಾರು ಆಡಳಿತದ ನೆರವು ಬಿಡಬೇಕು, ವಸಾಹತಿನಲ್ಲಿ ವಾಸಿಸತಕ್ಕದ್ದಲ್ಲ. ಭಾರತೀಯನಾಗಬೇಕಾದರೆ ಬೈಲಕುಪ್ಪೆಯ ಮನೆ ತೊರೆಯಬೇಕು! ಕೇರಿ ಬಿಡಿಸಿ ಕೊಡುವ ಪೌರತ್ವ ನನ್ನ ಬುದ್ಧಿಗಂತೂ ಪೌರತ್ವವೆನಿಸುವುದಿಲ್ಲ.

ಟಿಬೆಟ್ಟಿಗರಲ್ಲಿಯೂ ಇದರ ಬಗ್ಗೆ ಒಮ್ಮತವಿಲ್ಲ. ‘ಎಲ್ಲರೂ ಭಾರತೀಯರಾಗಿಬಿಟ್ಟರೆ ಟಿಬೆಟ್ಟು ನಮ್ಮದೆಂದು ಕೇಳುವವರಾರು?’ ಎನ್ನುತ್ತಾರೆ ಹಿರಿಯರು. ‘ಬ್ಯಾಂಕಿನ ಸಾಲಕ್ಕೂ, ಸರ್ಕಾರದ ನೌಕರಿಗೂ ನಾನು ಟಿಬೆಟ್ಟಿನ ಹೆಸರಿನಲ್ಲಿ ಎಷ್ಟು ಕಾಲ ಹೊರಗೆ ನಿಲ್ಲಲಿ?’ ಎನ್ನುತ್ತಾರೆ ಕಿರಿಯರು. ಎರಡೂ ನ್ಯಾಯವಾದ ಮಾತುಗಳೇ. ಈ ಜಗಳ ತೀರುವಷ್ಟರಲ್ಲಿ ಕಿರಿಯರು ಮೂರನೆಯ ದಾರಿ ಹಿಡಿದಿದ್ದಾರೆ: ನ್ಯೂಯಾರ್ಕ್, ಟೊರಾಂಟೊ, ಪ್ಯಾರಿಸ್. ಗಡೀಪಾರು ಆಡಳಿತ 2009ರಲ್ಲಿ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟ್ಟಿಗರು 94,203. ಕೇಂದ್ರ ಗೃಹ ಇಲಾಖೆಯ 2020ರ ಲೆಕ್ಕದಲ್ಲಿ ಅವರು 72 ಸಾವಿರದಷ್ಟು; ಅದರಲ್ಲಿ ಕರ್ನಾಟಕದ ಪಾಲು 21 ಸಾವಿರ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಬೈಲಕುಪ್ಪೆಯ ಶಿಬಿರಗಳಲ್ಲಿ ಮುದುಕ ಮುದುಕಿಯರು ಮಾತ್ರ ಮಣಿಚಕ್ರ ತಿರುಗಿಸುತ್ತ ಕುಳಿತ ಜಗಲಿಗಳು ಈಗ ಹೆಚ್ಚುತ್ತಿವೆ. ಹೊಲಗಳನ್ನು ಉಳುವವರಲ್ಲಿ ಸುತ್ತಣ ಹಳ್ಳಿಗಳ ನಮ್ಮ ಜನರೂ ಉಂಟು.

ಮುಂದಿನ ದಲಾಯಿ ಲಾಮಾ ಯಾರು?

ಈ ಎಲ್ಲದರ ಮೇಲೂ ಕವಿದಿರುವ ಪ್ರಶ್ನೆ ಇದು. 1995ರ ಮೇ ತಿಂಗಳಲ್ಲಿ ದಲಾಯಿ ಲಾಮಾ ಅವರು ಪಂಚೆನ್ ಲಾಮಾ ಎಂದು ಗುರುತಿಸಿದ ಆರು ವರ್ಷದ ಬಾಲಕ ಮೂರೇ ದಿನಗಳಲ್ಲಿ ಚೀನಾದವರ ವಶವಾಗಿ ಕಣ್ಮರೆಯಾದ. ಬೀಜಿಂಗ್ ತನ್ನದೇ ಆಯ್ಕೆಯ ಮತ್ತೊಬ್ಬ ಹುಡುಗನನ್ನು ಪೀಠಕ್ಕೇರಿಸಿತು. ಆ ಪಂಚೆನ್ ಲಾಮಾ ಪೀಠವೇ ತಾಶಿ ಲ್ಹುನ್‌ಪೊ. 2007ರಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಯಾವ ಲಾಮಾನೂ ಪುನರ್ಜನ್ಮ ತಾಳುವಂತಿಲ್ಲ ಎಂಬರ್ಥದ ನಿಯಮವನ್ನೇ ಚೀನಾ ಹೊರಡಿಸಿತು. ದೇವರನ್ನು ನಂಬದ ಪಕ್ಷ ಪುನರ್ಜನ್ಮಕ್ಕೆ ಪರವಾನಗಿ ಕೊಡುವ ವಿಡಂಬನೆಯನ್ನು ನಮ್ಮ ಪ್ರಹಸನಕಾರರು ಯಾರೂ ಕಲ್ಪಿಸಿರಲಾರರು.

2025ರ ಜುಲೈ 2ರಂದು, ತೊಂಬತ್ತು ತುಂಬುವ ನಾಲ್ಕು ದಿನ ಮೊದಲು, ದಲಾಯಿ ಲಾಮಾ ಅವರು ತಮ್ಮ ಪೀಠ ಮುಂದುವರಿಯುವುದೆಂದೂ, ಉತ್ತರಾಧಿಕಾರಿಯನ್ನು ಗುರುತಿಸುವ ಅಧಿಕಾರ ತಾವು ಸ್ಥಾಪಿಸಿದ ಗಾಂದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದೂ ಸಾರಿದರು. ಹುಟ್ಟುವುದು ಚೀನಾದ ಹಿಡಿತದ ಹೊರಗೆ ಎಂದೂ ಅದೇ ವರ್ಷ ಪ್ರಕಟವಾದ ಪುಸ್ತಕದಲ್ಲಿ ಬರೆದಿದ್ದಾರೆ. ಶ್ರದ್ಧೆಯ ವಿಷಯದಲ್ಲಿ ತಾನು ಯಾವ ನಿಲುವನ್ನೂ ತಳೆಯುವುದಿಲ್ಲವೆಂದು ನಮ್ಮ ವಿದೇಶಾಂಗ ಇಲಾಖೆ ಹೇಳಿ ಸುಮ್ಮನಾಯಿತು.

ಆದರೆ ಮಗು ಎಲ್ಲಿಯಾದರೂ ಹುಟ್ಟಲೇಬೇಕಷ್ಟೆ. ಗಡೀಪಾರು ಸರ್ಕಾರದ ಅಧ್ಯಕ್ಷರಾಗಿ 2021ರಲ್ಲಿ ಚುನಾಯಿತರಾದ ಪೆನ್ಪಾ ತ್ಸೆರಿಂಗ್ ಅವರು ಬೈಲಕುಪ್ಪೆಯಲ್ಲೇ ಹುಟ್ಟಿ ಇಲ್ಲಿನ ಶಾಲೆಯಲ್ಲೇ ಓದಿದವರು. ಗುರುಗಳ ಪುನರ್ಜನ್ಮವೆಂದು ಮನ್ನಣೆ ಪಡೆದ ಮಕ್ಕಳು ವಸಾಹತುಗಳ ಸಾಮಾನ್ಯ ಮನೆಗಳಲ್ಲಿ ಹುಟ್ಟಿದ್ದೂ ಉಂಟು. ಹದಿನೈದನೆಯ ದಲಾಯಿ ಲಾಮಾ ಕೂಡ ಕಾವೇರಿಯ ಈ ದಡದಲ್ಲಿ, ಆರ್.ಸಿ. ಹಿಡಿದ ತಂದೆತಾಯಿಗಳಿಗೆ ಹುಟ್ಟಿದರೆ, ಇಂದಿನ ಕಾಯಿದೆಯಂತೆ ಆ ಮಗು ಭಾರತೀಯನಲ್ಲ. ದೊಡ್ಡವನಾದ ಮೇಲೆ ಅವನೂ ಒಂದು ನೋಂದಣಿ ಪತ್ರ ಮಾಡಿಸಿ, ಅವಧಿ ತೀರಿದಾಗಲೆಲ್ಲ ಅದನ್ನು ನವೀಕರಿಸಿಕೊಳ್ಳಬೇಕಾಗುತ್ತದೆ.