ಮಾಜಿ ಸೈನಿಕರ ಆರೋಗ್ಯ: ಔಷಧದ ಜೊತೆಗೆ ಕೇಳಬೇಕಾದ ಪ್ರಶ್ನೆಗಳು

ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕು. ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಮನುಷ್ಯ ಕುಸಿದು ಬೀಳುತ್ತಾನೆ. ತಂದಿಟ್ಟ ಇನ್ಸುಲಿನ್ ಕೆಡದಂತೆ ತಂಪಾಗಿಡಬೇಕು, ಅಂದರೆ ಮನೆ ಇರಬೇಕು, ಮನೆಯಲ್ಲಿ ಫ್ರಿಜ್ ಇರಬೇಕು, ಕರೆಂಟ್ ಬಿಲ್ ಕಟ್ಟಿರಬೇಕು. ಹೃದಯ ಸೋತವರಿಗೆ ಮೈಯಲ್ಲಿ ತುಂಬಿದ ನೀರನ್ನು ಇಳಿಸಲು ಕೊಡುವ ಮಾತ್ರೆ ನುಂಗಿದರೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ನಿವೃತ್ತಿಯ ನಂತರ ಸೆಕ್ಯುರಿಟಿ ಗಾರ್ಡ್ ಆಗಿ ಹನ್ನೆರಡು ಗಂಟೆ ಗೇಟಿನಲ್ಲಿ ನಿಲ್ಲುವವನು ಡ್ಯೂಟಿಯ ದಿನ ಆ ಮಾತ್ರೆಯನ್ನು ಬಿಟ್ಟುಬಿಡುತ್ತಾನೆ. ಮುಂದಿನ ಸಲ ಕಾಲು ಊದಿಕೊಂಡು ಬಂದಾಗ ವೈದ್ಯರು ಡೋಸ್ ಹೆಚ್ಚಿಸುತ್ತಾರೆ, ಅವನು ಅದನ್ನೂ ಬಿಡುತ್ತಾನೆ. ಇಲ್ಲಿ ರೋಗನಿರ್ಣಯ ತಪ್ಪಾಗಿಲ್ಲ, ಔಷಧವೂ ತಪ್ಪಲ್ಲ. ಅವನ ದಿನ ಹೇಗೆ ಸಾಗುತ್ತದೆ ಎಂದು ಕೇಳಿದವರೇ ಇಲ್ಲ. ಮನೆ, ಊಟ, ಓಡಾಟ, ಕೆಲಸ, ಒಡನಾಟ ಇವುಗಳನ್ನು ವಿಚಾರಿಸುವುದು ಮಾಜಿ ಸೈನಿಕರ ಚಿಕಿತ್ಸೆಯ ಭಾಗವೇ ಆಗಬೇಕು. ಹಾಗೆ ವಿಚಾರಿಸಿದ ಮೇಲೆ ಸಿಕ್ಕ ಉತ್ತರವನ್ನು ಕೈಗೆತ್ತಿಕೊಳ್ಳಲು ಒಬ್ಬ ಮನುಷ್ಯನೂ ಒಂದಿಷ್ಟು ಹಣವೂ ಅದೇ ಆಸ್ಪತ್ರೆಯಲ್ಲಿರಬೇಕು.

ಸೈನ್ಯಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಭರ್ತಿಯಾದ ಹುಡುಗನಿಗೆ ಪಲ್ಟನ್ನಿನಲ್ಲಿ ಊಟ, ವಸತಿ, ಬಟ್ಟೆ, ವ್ಯಾಯಾಮ, ವೈದ್ಯರು, ಸಂಗಾತಿಗಳು ಎಲ್ಲವೂ ಒಂದೇ ಕಡೆಯಿಂದ ಸಿಗುತ್ತವೆ. ಜ್ವರ ಬಂದರೆ ಪಕ್ಕದ ಮಂಚದವನೇ ಪಲ್ಟನ್ನಿನ ವೈದ್ಯಕೀಯ ತಪಾಸಣಾ ಕೊಠಡಿಯಾದ ಎಂ.ಐ. ರೂಮಿಗೆ ಕರೆದೊಯ್ಯುತ್ತಾನೆ. ಒಂದು ವಾರ ಮಂಕಾಗಿದ್ದರೆ ಸುಬೇದಾರ್ ಸಾಹೇಬರ ಕಣ್ಣಿಗೆ ಬೀಳುತ್ತದೆ. ಸೈನಿಕನ ಆರೋಗ್ಯವೆಂದರೆ ಈ ಇಡೀ ಏರ್ಪಾಡು ಎಂದು ಸೈನ್ಯ ಎಂದೋ ಅರಿತಿದೆ, ಅದಕ್ಕೆ ತಕ್ಕಂತೆ ಖರ್ಚನ್ನೂ ಮಾಡುತ್ತದೆ. ನಿವೃತ್ತಿಯ ದಿನ ಈ ಏರ್ಪಾಡು ಒಮ್ಮೆಲೇ ಕಳಚಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಪ್ರತಿ ವರ್ಷ ಸುಮಾರು 60,000 ಯೋಧರು ಸೇವೆಯಿಂದ ಹೊರಬರುತ್ತಾರೆ, ಅವರಲ್ಲಿ ಹೆಚ್ಚಿನವರು 35ರಿಂದ 45ರ ವಯಸ್ಸಿನವರು. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ, ಮನೆಯ ಸಾಲ ತೀರಿರುವುದಿಲ್ಲ, ಊರಿನ ಜಮೀನಿನ ಪಾಲು ಇತ್ಯರ್ಥವಾಗಿರುವುದಿಲ್ಲ. ಪಿಂಚಣಿಗೆ ಒಂದು ಕಚೇರಿ, ಚಿಕಿತ್ಸೆಗೆ ಇನ್ನೊಂದು, ಮಕ್ಕಳ ಸ್ಕಾಲರ್‌ಶಿಪ್‌ಗೆ ಮತ್ತೊಂದು. ಹಿಂದೆ ಒಂದೇ ಸೂರಿನಡಿ ಸಿಗುತ್ತಿದ್ದುದಕ್ಕೆ ಈಗ ನಾಲ್ಕಾರು ಬಾಗಿಲು ತಟ್ಟಬೇಕು. ಇಷ್ಟು ವರ್ಷ ಕಷ್ಟವನ್ನು ನುಂಗಿಕೊಳ್ಳುವುದನ್ನೇ ಕಲಿತವನು ಆ ಬಾಗಿಲುಗಳಲ್ಲಿ ನಿಂತು ತನಗೆ ಇಂಥದ್ದಿಲ್ಲ ಎಂದು ಹೇಳಿಕೊಳ್ಳುವುದು ಅಪರೂಪ.

ಈ ಸಮಸ್ಯೆಯನ್ನು ಆಸ್ಪತ್ರೆಯ ಒಳಗಿನಿಂದಲೇ ಹಿಡಿಯಲು ದೊಡ್ಡ ಮಟ್ಟದಲ್ಲಿ ಯತ್ನಿಸಿದ ದೇಶ ಅಮೆರಿಕ. ಅಲ್ಲಿನ ವೆಟರನ್ಸ್ ಅಫೇರ್ಸ್ ಇಲಾಖೆಯ ಆರೋಗ್ಯ ವ್ಯವಸ್ಥೆಯಲ್ಲಿ ಸುಮಾರು 90 ಲಕ್ಷ ಮಾಜಿ ಸೈನಿಕರು ನೋಂದಾಯಿಸಿಕೊಂಡಿದ್ದಾರೆ. ಅದರ ಪೂರ್ವಜ ಸಂಸ್ಥೆಯಾದ ವೆಟರನ್ಸ್ ಬ್ಯೂರೋ 1926ರಲ್ಲೇ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಳ್ಳಲು ಶುರುಮಾಡಿತ್ತು. 2012ರಿಂದ ಅಲ್ಲಿನ ಕ್ಲಿನಿಕ್‌ಗಳಲ್ಲಿ ಬಿ.ಪಿ. ನೋಡುವಷ್ಟೇ ಸಹಜವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಕಳೆದ ಎರಡು ತಿಂಗಳು ನಿಮಗೆ ನೆಲೆಯಾದ ಮನೆ ಇತ್ತೇ, ಮುಂದಿನ ಎರಡು ತಿಂಗಳಲ್ಲಿ ಅದು ಕೈತಪ್ಪುವ ಚಿಂತೆ ಇದೆಯೇ? ಎರಡನೆಯ ಪ್ರಶ್ನೆಯ ಜಾಣ್ಮೆಯನ್ನು ಗಮನಿಸಬೇಕು. ಬೀದಿಗೆ ಬಿದ್ದವನನ್ನು ಎತ್ತುವುದಕ್ಕಿಂತ ಬೀಳಲಿರುವವನನ್ನು ಹಿಡಿಯುವುದು ಸುಲಭ. 2017ರಲ್ಲಿ ಮನೆಯಲ್ಲಿ ಊಟಕ್ಕೆ ತತ್ವಾರವಾಗಿದೆಯೇ ಎಂಬ ಪ್ರಶ್ನೆಯೂ ಸೇರಿತು. 2018ರಲ್ಲಿ ಆರಂಭವಾದ ‘ಅಕಾರ್ನ್’ ಎಂಬ ಪ್ರಶ್ನಾವಳಿ ಕರೆಂಟು, ವಾಹನ ಸೌಕರ್ಯ, ಉದ್ಯೋಗ, ಕಾನೂನಿನ ತೊಡಕು, ಇಂಟರ್‌ನೆಟ್, ಒಂಟಿತನ ಇವನ್ನೂ ಒಳಗೊಂಡಿತು. ತೊಂದರೆಯಿದೆ ಎಂದು ಉತ್ತರಿಸಿದವರನ್ನು ಸಮಾಜ ಕಾರ್ಯಕರ್ತರ ಬಳಿಗೆ ಕಳುಹಿಸುತ್ತಾರೆ. ಮನೆಯ ವಿಷಯಕ್ಕೆ ಬೇರೆಯೇ ಯೋಜನೆಯಿದೆ. ವಸತಿ ಇಲಾಖೆ ಬಾಡಿಗೆಗೆ ವೋಚರ್ ಕೊಡುತ್ತದೆ, ಆರೋಗ್ಯ ವ್ಯವಸ್ಥೆಯ ಕಾರ್ಯಕರ್ತರು ಆ ಮನೆಗೆ ಹೋಗಿ ಚಿಕಿತ್ಸೆ, ಹಣಕಾಸು, ಅಕ್ಕಪಕ್ಕದವರ ತಕರಾರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. 1992ರಲ್ಲಿ ಚಿಕ್ಕದಾಗಿ ಹುಟ್ಟಿದ ಈ ಯೋಜನೆ 2008ರಿಂದ ದೊಡ್ಡದಾಗಿ ಬೆಳೆಯಿತು.

ಫಲ ಲೆಕ್ಕದಲ್ಲೇ ಕಾಣುತ್ತದೆ. 2010ರ ಜನವರಿಯ ಗಣತಿಯಲ್ಲಿ ಅಮೆರಿಕದಲ್ಲಿ 74,087 ಮಾಜಿ ಸೈನಿಕರು ಮನೆಯಿಲ್ಲದೆ ಇದ್ದರು, 2024ರಲ್ಲಿ ಆ ಸಂಖ್ಯೆ 32,882ಕ್ಕೆ ಇಳಿಯಿತು. ಅದೇ 2024ರಲ್ಲಿ ಆ ದೇಶದ ಒಟ್ಟು ಮನೆಯಿಲ್ಲದವರ ಸಂಖ್ಯೆ 7,71,480ಕ್ಕೆ ಏರಿ ದಾಖಲೆಯಾಗಿತ್ತು. ಬಾಡಿಗೆ ಗಗನಕ್ಕೇರಿದ ಅದೇ ನಗರಗಳಲ್ಲಿ ಒಂದು ಗುಂಪಿನ ಪಾಡು ಮಾತ್ರ ಸುಧಾರಿಸಿದ್ದರೆ ಅದಕ್ಕೆ ಕಾಲದ ಅನುಕೂಲವನ್ನು ಕಾರಣವೆನ್ನಲಾಗದು. ಸರ್ಕಾರ ಆ ಗುಂಪಿಗಾಗಿ ಬೇರೆಯೇ ಏನನ್ನೋ ಮಾಡಿತು.

ಆ ‘ಬೇರೆ’ ಯಾವುದು ಎಂಬುದನ್ನು ಒಂದು ಅಧ್ಯಯನ ಚೆನ್ನಾಗಿ ಬಿಡಿಸಿ ತೋರಿಸಿದೆ. ರಾಬರ್ಟ್ ರೋಸೆನ್‌ಹೆಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಮಾನಸಿಕ ಕಾಯಿಲೆಯೋ ಕುಡಿತದಂಥ ವ್ಯಸನವೋ ಇದ್ದ 460 ಮನೆಯಿಲ್ಲದ ಮಾಜಿ ಸೈನಿಕರನ್ನು ಮೂರು ಗುಂಪು ಮಾಡಲಾಯಿತು. ಒಂದಕ್ಕೆ ವಾಡಿಕೆಯ ಚಿಕಿತ್ಸೆ, ಇನ್ನೊಂದಕ್ಕೆ ಬೆನ್ನಿಗೆ ನಿಂತು ನೋಡಿಕೊಳ್ಳುವ ಕಾರ್ಯಕರ್ತರು, ಮೂರನೆಯದಕ್ಕೆ ಕಾರ್ಯಕರ್ತರ ಜೊತೆಗೆ ಬಾಡಿಗೆ ವೋಚರ್ ಕೂಡ. ಕಾರ್ಯಕರ್ತರಷ್ಟೇ ಸಿಕ್ಕವರು ವಾಡಿಕೆಯ ಗುಂಪಿಗಿಂತ ಶೇ 7ರಷ್ಟು ಹೆಚ್ಚು ದಿನ ಮನೆಯಲ್ಲಿ ಕಳೆದರು. ವೋಚರ್ ಕೂಡ ಸಿಕ್ಕವರು ಶೇ 25ರಷ್ಟು ಹೆಚ್ಚು ದಿನ ಕಳೆದರು. ಬರೀ ಸಲಹೆ, ಸಾಂತ್ವನ, ಫೋನ್ ನಂಬರುಗಳ ಪಟ್ಟಿಯಿಂದ ಆಗುವುದು ಅಷ್ಟಕ್ಕಷ್ಟೇ. ಕೈಗೆ ಬೀಗದ ಕೈ ಸಿಕ್ಕಾಗಲೇ ಬದುಕು ಬದಲಾಗುತ್ತದೆ.

ಅದೇ ಅಧ್ಯಯನದಲ್ಲಿ ನನ್ನ ವಾದಕ್ಕೆ ಅನುಕೂಲವಲ್ಲದ ಸಂಗತಿಗಳೂ ಇವೆ, ಅವನ್ನು ಮುಚ್ಚಿಡುವುದು ತಪ್ಪು. ಮನೆ ಸಿಕ್ಕವರ ಮಾನಸಿಕ ಕಾಯಿಲೆಯೋ ವ್ಯಸನವೋ ಉಳಿದವರಿಗಿಂತ ಹೆಚ್ಚಾಗಿ ಕಡಿಮೆಯಾಗಲಿಲ್ಲ. ಖರ್ಚು ಉಳಿಯುವ ಬದಲು ಸುಮಾರು ಶೇ 15ರಷ್ಟು ಹೆಚ್ಚಿತು. ಸಾಮಾಜಿಕ ನೆರವಿನಿಂದ ಆಸ್ಪತ್ರೆಯ ಖರ್ಚು ತಾನಾಗಿ ಇಳಿಯುತ್ತದೆ ಎಂದು ಆಡಳಿತಗಾರರನ್ನು ಒಪ್ಪಿಸುವ ವಾಡಿಕೆ ಎಲ್ಲೆಡೆ ಇದೆ. ಆ ಭರವಸೆ ಎಲ್ಲ ಸಲವೂ ನಿಜವಾಗುವುದಿಲ್ಲ, ಆಗದಿದ್ದಾಗ ಒಳ್ಳೆಯ ಯೋಜನೆಯೇ ಮುಚ್ಚಿಹೋಗುತ್ತದೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಬೊಕ್ಕಸಕ್ಕೆ ಲಾಭ ತರುತ್ತದೆಯೇ ಎಂದು ನಾವು ಕೇಳುವುದಿಲ್ಲ, ಮನುಷ್ಯ ನಡೆಯುವಂತಾದನೇ ಎಂದು ಕೇಳುತ್ತೇವೆ. ಬೀದಿಯಲ್ಲಿ ಮಲಗುತ್ತಿದ್ದ ಮಾಜಿ ಸೈನಿಕ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುವಂತಾದರೆ ಅದು ಸಣ್ಣ ಫಲವಲ್ಲ. ಮನೆಯಿಂದ ಮನೋರೋಗ ವಾಸಿಯಾಗುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಮನೋರೋಗಕ್ಕೆ ಚಿಕಿತ್ಸೆ ಬೇರೆ, ಮನೆ ಬೇರೆ, ಎರಡೂ ಬೇಕು.

ಇನ್ನೊಂದು ಆಕ್ಷೇಪ ವೈದ್ಯರದು, ಮತ್ತು ಅದು ನ್ಯಾಯವಾದದ್ದೇ. ಹೊರಗೆ ಸಾಲು ಬೆಳೆದಿರುವಾಗ ಒಬ್ಬೊಬ್ಬರ ಮನೆಯ ಸಂಗತಿ ವಿಚಾರಿಸಲು ಸಮಯವೆಲ್ಲಿ? ಅದಕ್ಕೇ ಈ ಕೆಲಸ ವೈದ್ಯರದಾಗಬಾರದು. ತೂಕ ನೋಡುವ ಹೊತ್ತಿಗೆ ನರ್ಸಿಂಗ್ ಸಿಬ್ಬಂದಿಯೇ ನಾಲ್ಕೈದು ಪ್ರಶ್ನೆ ಕೇಳಿ ಮುಗಿಸಬಹುದು, ಮುಂದಿನದು ಸಮಾಜ ಕಾರ್ಯಕರ್ತರ ಪಾಲು. ಸೈನಿಕನ ಸ್ವಾಭಿಮಾನಕ್ಕೆ ಪೆಟ್ಟು ಬೀಳುತ್ತದೆ ಎನ್ನುವವರೂ ಇದ್ದಾರೆ. ಒಬ್ಬನನ್ನು ಮಾತ್ರ ಬದಿಗೆ ಕರೆದು ಕೇಳಿದರೆ ಬೀಳುತ್ತದೆ, ನಿಜ. ಸಿಪಾಯಿಯನ್ನೂ ಕರ್ನಲ್‌ನನ್ನೂ ಅದೇ ಪ್ರಶ್ನೆ ಕೇಳಿದರೆ ಅದು ತಪಾಸಣೆಯ ಒಂದು ಭಾಗವಾಗುತ್ತದೆ, ಸೈನಿಕನಿಗೆ ತಪಾಸಣೆ ಹೊಸದಲ್ಲ. ಕೂಲಿಯವರಿಗೆ, ರೈತರಿಗೆ ಇಲ್ಲದ್ದು ಇವರಿಗೇಕೆ ಎಂಬ ಮಾತೂ ಕೇಳಿಬರುತ್ತದೆ. ಎಲ್ಲರಿಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಜಿ ಸೈನಿಕರ ಹೆಸರು, ವಿಳಾಸ, ಸೇವಾ ದಾಖಲೆ, ಚಿಕಿತ್ಸಾ ದಾಖಲೆ ಎಲ್ಲವೂ ಈಗಾಗಲೇ ಸರ್ಕಾರದ ಕೈಯಲ್ಲಿವೆ. ಇಷ್ಟು ಅನುಕೂಲವಿರುವ ಕಡೆಯೇ ಶುರುವಾಗದಿದ್ದರೆ ಬೇರೆಲ್ಲೂ ಶುರುವಾಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಬಿಡಿಭಾಗಗಳೆಲ್ಲ ಇವೆ, ಜೋಡಿಸಿದವರಿಲ್ಲ. 2003ರ ಏಪ್ರಿಲ್ 1ರಂದು ಜಾರಿಗೆ ಬಂದ, ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಅಡಿ ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳು ಮಾಜಿ ಸೈನಿಕರನ್ನೂ ಅವರ ಕುಟುಂಬದವರನ್ನೂ ನೋಡುತ್ತವೆ. ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿಗಳಲ್ಲೂ ಅವು ಇವೆ. ಅವುಗಳಿಗೆ ಮಂಜೂರಾದ ಹುದ್ದೆಗಳಲ್ಲಿ ವೈದ್ಯರು, ದಂತವೈದ್ಯರು, ಫಾರ್ಮಸಿಸ್ಟ್, ಲ್ಯಾಬ್ ಸಿಬ್ಬಂದಿ, ಗುಮಾಸ್ತ, ಚಾಲಕ ಎಲ್ಲರೂ ಇದ್ದಾರೆ, ಸಮಾಜ ಕಾರ್ಯಕರ್ತರ ಹುದ್ದೆ ಮಾತ್ರ ಇಲ್ಲ. ಪಿಂಚಣಿ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಿಗುವ ಮಾಸಿಕ ನೆರವನ್ನು 2025ರಲ್ಲಿ 4,000 ರೂಪಾಯಿಯಿಂದ 8,000ಕ್ಕೆ ಏರಿಸಲಾಯಿತು. ಯೋಧರ ಮತ್ತು ಮಾಜಿ ಸೈನಿಕರ ಕುಟುಂಬಗಳ ಜಮೀನು, ಆಸ್ತಿ ವ್ಯಾಜ್ಯಗಳಿಗೆ ಉಚಿತ ಕಾನೂನು ನೆರವು ಕೊಡಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಅದೇ ವರ್ಷ ಜುಲೈ 26ರಂದು ‘ವೀರ ಪರಿವಾರ ಸಹಾಯತಾ ಯೋಜನೆ’ಯನ್ನು ಆರಂಭಿಸಿತು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತರಬೇತುಗೊಳಿಸುವ ದೇಶದ ಮುಖ್ಯ ಕೇಂದ್ರಗಳಲ್ಲಿ ಒಂದಾದ ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ಹಾಗಿದ್ದೂ ಕೊಡಗಿನ ಒಳಹಳ್ಳಿಯ ಒಬ್ಬ ವೃದ್ಧ ಹವಾಲ್ದಾರರು ಮಡಿಕೇರಿಗೆ ಬಸ್ ಹತ್ತಿ ಬಂದು, ಬಿ.ಪಿ. ಮಾತ್ರೆ ಪಡೆದು, ತಜ್ಞರಿಗಾಗಿ ಮೈಸೂರಿಗೋ ಮಂಗಳೂರಿಗೋ ರೆಫರಲ್ ಚೀಟಿ ಹಿಡಿದು ಹೊರಟರೆ, ಅಷ್ಟು ದೂರ ಜೊತೆಗೆ ಯಾರು ಬರುತ್ತಾರೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು, ಪಿಂಚಣಿಯ ಜೀವಿತ ಪ್ರಮಾಣಪತ್ರ ಸಲ್ಲಿಕೆಯಾಯಿತೇ ಎಂದು ವಿಚಾರಿಸುವುದು ಯಾರ ಡ್ಯೂಟಿಯೂ ಅಲ್ಲ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿ ನೆರವಾಗಬಲ್ಲದು, ಆದರೆ ಅಲ್ಲಿಗೆ ಅವರೇ ಹೋಗಬೇಕು, ಅರ್ಜಿ ಹಾಕಬೇಕು. ಮಕ್ಕಳು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು, ಮಡದಿಯೂ ತೀರಿಕೊಂಡ ಮೇಲೆ ಅರ್ಜಿ ಹಾಕುವ ಉಮೇದು ಎಷ್ಟು ಜನಕ್ಕಿರುತ್ತದೆ?

ಒಂಟಿತನವನ್ನು ಇಲ್ಲಿ ಹಗುರವಾಗಿ ಎಣಿಸುವಂತಿಲ್ಲ. ಅಮೆರಿಕದಲ್ಲಿ 2022ರಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಹೊತ್ತಿಗೆ ಇಲಾಖೆಯ ಚಿಕಿತ್ಸೆಯ ಸಂಪರ್ಕದಲ್ಲಿರಲಿಲ್ಲ. ಅಷ್ಟೊಂದು ಸಿಬ್ಬಂದಿ, ಪ್ರಶ್ನಾವಳಿ ಇದ್ದರೂ ಬಾಗಿಲಿಗೆ ಬಾರದವರನ್ನು ತಲುಪಲು ಆ ವ್ಯವಸ್ಥೆಗೂ ಆಗಿಲ್ಲ. ಅಂಥವರನ್ನು ಬಲ್ಲ ಸಂಘಗಳು ನಮ್ಮಲ್ಲಿವೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್ ಸ್ಥಾಪಿಸಿದರು. ಅಂಥ ಸಂಘಗಳ ತಾಲೂಕು ಘಟಕಗಳಿಗೆ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆ ಪಾಲಿಕ್ಲಿನಿಕ್‌ಗೆ ತಲುಪಲು ದಾರಿಯೊಂದು ಬೇಕು.

ಹೊತ್ತು ಕಳೆದಷ್ಟೂ ಕೆಲಸ ಕಷ್ಟವಾಗುತ್ತದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ ಭರ್ತಿಯಾದವರಲ್ಲಿ ಹೆಚ್ಚೆಂದರೆ ಶೇ 25ರಷ್ಟು ಜನ ಸೇನೆಯಲ್ಲಿ ಉಳಿಯುತ್ತಾರೆ, ಉಳಿದವರು ನಾಲ್ಕು ವರ್ಷಕ್ಕೆ ಪಿಂಚಣಿಯೂ ಇಸಿಎಚ್‌ಎಸ್ ಕಾರ್ಡೂ ಇಲ್ಲದೆ ಊರಿಗೆ ಮರಳುತ್ತಾರೆ. ಮಾಜಿ ಸೈನಿಕರ ಸಂಘಗಳು ಸಮಾನ ಪಿಂಚಣಿಗಾಗಿ ವರ್ಷಗಟ್ಟಲೆ ಹೋರಾಡಿ 2015ರಲ್ಲಿ ಸರ್ಕಾರವನ್ನು ಒಪ್ಪಿಸಿದವು. ಅದೇ ಸಂಘಗಳು ತಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಎರಡು ಸಾಲು ಸೇರಿಸಲಿ: ಪ್ರತಿ ಪಾಲಿಕ್ಲಿನಿಕ್‌ಗೆ ಒಬ್ಬ ತರಬೇತಾದ ಸಮಾಜ ಕಾರ್ಯಕರ್ತ, ಅವರ ಕೈಯಲ್ಲಿ ಪ್ರಯಾಣಕ್ಕೂ ತುರ್ತು ನೆರವಿಗೂ ಖರ್ಚು ಮಾಡಬಹುದಾದ ಒಂದು ನಿಧಿ. ಮನೆಯಲ್ಲಿ ಮಾಜಿ ಸೈನಿಕರಿರುವ ಓದುಗರು ತಮ್ಮ ಶಾಸಕರಿಗೂ ಸಂಸದರಿಗೂ ಇದನ್ನೇ ಬರೆಯಲಿ.