ಆರೋಗ್ಯ ಮಾತು: ಅಪ್ಪ-ಅಮ್ಮನಿಗೆ ಸರ್ಪಸುತ್ತಿನ ಲಸಿಕೆ ಹಾಕಿಸಬೇಕೇ?



ಈ ಸಲದ ವಿಷಯ ನಮ್ಮ ಮನೆಯಲ್ಲೇ ನಡೆದದ್ದು. ನಮ್ಮ ಅತ್ತೆ-ಮಾವ ಅರಸೀಕೆರೆಯವರು. ಪ್ರತಿ ವರ್ಷ ದಸರಾ ಮುಗಿಸಿಕೊಂಡು ಫರೀದಾಬಾದಿಗೆ ಬರುತ್ತಾರೆ, ಸಂಕ್ರಾಂತಿ ಹೊತ್ತಿಗೆ ಊರಿಗೆ ಹೊರಡುತ್ತಾರೆ. ಹೋದ ವರ್ಷ ಬಂದ ಎರಡೇ ವಾರಕ್ಕೆ ಅತ್ತೆಗೆ ಬಲಗಡೆ ಪಕ್ಕೆಯಲ್ಲಿ ಉರಿ, ಸೂಜಿ ಚುಚ್ಚಿದ ಹಾಗೆ ನೋವು. ಗ್ಯಾಸ್ ಇರಬೇಕು ಎಂದು ಓಮದ ನೀರು ಕುಡಿದರು. ಮೂರನೇ ದಿನ ಬೆನ್ನಿನಿಂದ ಎದೆಯ ಕಡೆಗೆ ಪಟ್ಟಿ ಎಳೆದ ಹಾಗೆ ನೀರುಗುಳ್ಳೆಗಳು ಎದ್ದವು.

ಮನೆಗೆಲಸಕ್ಕೆ ಬರುವಾಕೆ ನೋಡಿ, "ಮಕಡಿ" ಎಂದಳು. ಜೇಡ ಮೈಮೇಲೆ ಹರಿದರೆ ಹೀಗಾಗುತ್ತದೆ ಎಂದು ಈ ಕಡೆಯವರ ನಂಬಿಕೆ. ಅತ್ತೆ ಮಾತ್ರ, "ಇದು ಸರ್ಪಸುತ್ತು. ಊರಲ್ಲಾಗಿದ್ದರೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಬಹುದಿತ್ತು" ಎಂದರು. ಊರಿಗೆ ಫೋನ್ ಮಾಡುವುದರಲ್ಲಿ, ಕೆಮ್ಮಣ್ಣು ಹುಡುಕುವುದರಲ್ಲಿ ನಾಲ್ಕು ದಿನ ಕಳೆದೇ ಹೋಯಿತು. ಆಮೇಲೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಗುಳ್ಳೆ ಎದ್ದು ಎಷ್ಟು ದಿನ ಆಯಿತು?"

ಗುಳ್ಳೆಗಳು ಮೂರು ವಾರಕ್ಕೆ ಒಣಗಿದವು. ನೋವು ಹೋಗಲು ಎಂಟು ತಿಂಗಳು ಬೇಕಾಯಿತು. ರವಿಕೆ ತಾಗಿದರೂ ಉರಿ, ರಾತ್ರಿ ನಿದ್ದೆ ಇಲ್ಲ. ಆ ಸಂಕ್ರಾಂತಿಗೆ ಅವರು ಊರಿಗೆ ಹೋಗಲೇ ಇಲ್ಲ.

ಈಗ ಪ್ರಶ್ನೆ ಮಾವನದು. ಅವರಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಲಸಿಕೆ ಹಾಕಿಸೋಣವೇ? ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ ತಿಳಿದುಕೊಂಡದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

*ಸರ್ಪಸುತ್ತು ಎಂದರೇನು?*

ಇದಕ್ಕೆ ಹಾವೂ ಕಾರಣವಲ್ಲ, ಜೇಡವೂ ಅಲ್ಲ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿರುತ್ತದಲ್ಲ, "ಅಮ್ಮ ಬಂದಿದೆ" ಎನ್ನುತ್ತಿದ್ದೆವಲ್ಲ, ಅದೇ ವೈರಸ್. ಕಾಯಿಲೆ ವಾಸಿಯಾದರೂ ವೈರಸ್ ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಎದ್ದು, ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಬರುತ್ತದೆ. ಅದಕ್ಕೇ ಪಟ್ಟಿಯಂತೆ, ಮೈಯ ಒಂದೇ ಬದಿಗೆ ಏಳುವುದು. ಸುತ್ತು ಪೂರ್ತಿಯಾಗಿ ತಲೆ-ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ಹಳೆಯ ಹೆದರಿಕೆಗೆ ಆಧಾರವಿಲ್ಲ.

ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಂದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ, ಅತ್ತೆಗಾದ ಹಾಗೆ, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯುತ್ತದೆ. ವಯಸ್ಸು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಹಣೆ, ಕಣ್ಣಿನ ಸುತ್ತ ಬಂದರೆ ದೃಷ್ಟಿಗೇ ತೊಂದರೆಯಾಗಬಹುದು.

*ಲಸಿಕೆ ಯಾವುದು, ಎಷ್ಟು ಕೆಲಸ ಮಾಡುತ್ತದೆ?*

ಶಿಂಗ್ರಿಕ್ಸ್ ಎಂಬ ಲಸಿಕೆ 2023ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂತು. 50 ವರ್ಷ ದಾಟಿದವರಿಗೆ ಕೊಡುತ್ತಾರೆ. ಇದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಲಸಿಕೆಯಿಂದಲೇ ಸರ್ಪಸುತ್ತು ಬರುವುದಿಲ್ಲ. ತೋಳಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳ ಅಂತರ. ದೊಡ್ಡ ಪರೀಕ್ಷೆಗಳಲ್ಲಿ 50 ದಾಟಿದವರಿಗೆ ಶೇ 97ರಷ್ಟು, 70 ದಾಟಿದವರಿಗೆ ಶೇ 90ರಷ್ಟು ರಕ್ಷಣೆ ಸಿಕ್ಕಿತು. ಹತ್ತು ವರ್ಷ ಕಳೆದ ಮೇಲೂ ರಕ್ಷಣೆ ಬಹುಪಾಲು ಉಳಿದಿತ್ತು.

*ತೊಂದರೆ ಏನು?*

ತೋಳುನೋವು, ಮೈಕೈ ನೋವು, ಸುಸ್ತು, ಚಳಿಜ್ವರ ಸಾಮಾನ್ಯ. ಎರಡು-ಮೂರು ದಿನದಲ್ಲಿ ಹೋಗುತ್ತದೆ. ಸುಮಾರು ಆರು ಜನರಲ್ಲಿ ಒಬ್ಬರಿಗೆ ದಿನದ ಕೆಲಸ ಮಾಡಲಾಗದಷ್ಟು ಸುಸ್ತಾಗುತ್ತದೆ. ಹಾಗಾಗಿ ಮರುದಿನವೇ ರೈಲು ಹತ್ತಿಸಬೇಡಿ. ಗಿಯಾನ್-ಬಾರೆ ಎಂಬ ನರದ ಕಾಯಿಲೆ ತೀರಾ ಅಪರೂಪಕ್ಕೆ ಬರಬಹುದು. 65 ದಾಟಿದವರಲ್ಲಿ ಹತ್ತು ಲಕ್ಷ ಡೋಸ್‌ಗೆ ಸುಮಾರು 3 ಪ್ರಕರಣ ಎಂದು ಅಮೆರಿಕದ ಔಷಧ ಇಲಾಖೆಯ ಅಂದಾಜು.

*ಯಾರು ಹಾಕಿಸಿಕೊಳ್ಳಬಹುದು, ಯಾರು ತಡೆಯಬೇಕು?*

▪️ ಮೊದಲೇ ಸರ್ಪಸುತ್ತು ಬಂದುಹೋದವರೂ ಹಾಕಿಸಿಕೊಳ್ಳಬಹುದು. ಮತ್ತೆ ಬರುವ ಸಾಧ್ಯತೆ ಇದ್ದೇ ಇದೆ.
▪️ ಈಗ ಗುಳ್ಳೆ ಇದ್ದರೆ ಅದು ವಾಸಿಯಾಗುವವರೆಗೆ ಕಾಯಬೇಕು. ಲಸಿಕೆ ಔಷಧಿಯಲ್ಲ.
▪️ ಜ್ವರ ಜೋರಾಗಿದ್ದರೆ ಇಳಿದ ಮೇಲೆ ಹಾಕಿಸಿ.
▪️ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಬೇಡ.
▪️ ರಕ್ತ ತೆಳುವಾಗಿಸುವ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

*ದುಡ್ಡಿನ ಮಾತು*

ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲ. ಒಂದು ಡೋಸ್‌ಗೆ ಹತ್ತು ಸಾವಿರದ ಆಸುಪಾಸು. ಎರಡಕ್ಕೆ ಇಪ್ಪತ್ತು ಸಾವಿರ, ದಂಪತಿಗೆ ನಲವತ್ತು. ಮೆಡಿಕ್ಲೇಮ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಕಾರ್ಖಾನೆ ಸಂಬಳದಲ್ಲಿ ಬಾಡಿಗೆ, ಮಕ್ಕಳ ಫೀಸು ಕಟ್ಟುವವರಿಗೆ ಇದು ಸಣ್ಣ ಮಾತಲ್ಲ.

ನನಗೆ ತೋಚಿದ ಲೆಕ್ಕ ಹೀಗಿದೆ. ಬಿಪಿ, ಸಕ್ಕರೆ ಮಾತ್ರೆ ನಿಲ್ಲಿಸಿ ಅಥವಾ ಸಾಲ ಮಾಡಿ ಈ ಲಸಿಕೆ ಹಾಕಿಸಬೇಕಾಗಿಲ್ಲ. ಒಂದಕ್ಕೆ ಮಾತ್ರ ದುಡ್ಡಿದ್ದರೆ, ದಿಲ್ಲಿ ಸುತ್ತಮುತ್ತಲಿನ ಚಳಿಗಾಲದ ಹೊಗೆಯಲ್ಲಿ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯನ್ನು ಮೊದಲು ಕೇಳಿ. ಅದಾದ ಮೇಲೂ ಅನುಕೂಲವಿದ್ದರೆ, ಅರವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಖಂಡಿತ ಹಾಕಿಸಿ. ಎಂಟು ತಿಂಗಳ ನೋವನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ.

*ಇಲ್ಲೊಂದು ಡೋಸ್, ಊರಲ್ಲೊಂದು ಡೋಸ್*

ನಮ್ಮಂಥವರ ಕಷ್ಟ ಇದು. ಬಂದ ಕೂಡಲೇ ಮೊದಲನೆಯದು ಹಾಕಿಸಿದರೆ, ಎರಡು ತಿಂಗಳಾದ ಮೇಲೆ ಹೊರಡುವ ಮೊದಲೇ ಎರಡನೆಯದೂ ಮುಗಿಯುತ್ತದೆ. ಇಲ್ಲವಾದರೆ ಊರಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ತರಿಸಿಡುತ್ತಾರಾ ಕೇಳಿ. ಲಸಿಕೆ ತಂಪಿನಲ್ಲೇ ಇರಬೇಕು, ರೈಲಿನಲ್ಲಿ ಒಯ್ಯಬೇಡಿ. ಮೊದಲ ಡೋಸ್‌ನ ಚೀಟಿಯ ಫೋಟೋ ಫೋನಿನಲ್ಲಿಡಿ. ಆರು ತಿಂಗಳು ದಾಟಿದರೂ ಮೊದಲಿಂದ ಶುರುಮಾಡಬೇಕಿಲ್ಲ, ಎರಡನೆಯದನ್ನು ಬೇಗ ಹಾಕಿಸಿದರೆ ಸಾಕು.

*ಮರೆವಿನ ಕಾಯಿಲೆ ತಡೆಯುತ್ತದೆಯೇ?*

ಈ ಮಾತೂ ಗುಂಪುಗಳಲ್ಲಿ ಓಡಾಡುತ್ತಿದೆ. 2025ರಲ್ಲಿ ಬ್ರಿಟನ್ನಿನ ವೇಲ್ಸ್‌ನ ದಾಖಲೆ ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ಸರ್ಪಸುತ್ತಿನ ಲಸಿಕೆ ಪಡೆದ ಹಿರಿಯರಲ್ಲಿ ಏಳು ವರ್ಷದಲ್ಲಿ ಮರೆವಿನ ಕಾಯಿಲೆ ಸುಮಾರು ಶೇ 20ರಷ್ಟು ಕಡಿಮೆ ಕಂಡಿತು. ಆದರೆ ಅದು ಹಳೆಯ ಬಗೆಯ ಲಸಿಕೆ. ಒಳ್ಳೆಯ ಸುದ್ದಿಯೇ, ಆದರೂ ಅದೊಂದನ್ನೇ ನಂಬಿ ಇಪ್ಪತ್ತು ಸಾವಿರ ಹಾಕುವುದು ಬೇಡ.

*ದುಡ್ಡಿಲ್ಲದೆ ಎಲ್ಲರಿಗೂ ಸಿಗುವ ರಕ್ಷಣೆ: 72 ಗಂಟೆ*

ಮೈಯ ಒಂದೇ ಬದಿಗೆ ಉರಿ, ಆಮೇಲೆ ಗುಳ್ಳೆ ಕಂಡರೆ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ವೈರಸ್ ತಡೆಯುವ ಮಾತ್ರೆಗಳಿವೆ, ಬೇಗ ಶುರುಮಾಡಿದಷ್ಟೂ ಗುಣ ಹೆಚ್ಚು. ತಡವಾಗಿದ್ದರೂ ಹೋಗಿ. ಕಣ್ಣಿನ ಹತ್ತಿರ ಬಂದಿದ್ದರೆ ಅವತ್ತೇ ಹೋಗಿ. ಗುಳ್ಳೆ ಹೆಪ್ಪುಗಟ್ಟಿ ಒಣಗುವವರೆಗೆ ಬಟ್ಟೆ ಮುಚ್ಚಿರಲಿ. ಅದರ ನೀರು ತಾಗಿ ಎಳೆಮಕ್ಕಳಿಗೆ, ಚಿಕನ್‌ಪಾಕ್ಸ್ ಆಗದ ಗರ್ಭಿಣಿಯರಿಗೆ ಚಿಕನ್‌ಪಾಕ್ಸ್ ಬರಬಹುದು.

ನಾವು ಮೊದಲ ದಿನವೇ ಹೋಗಿದ್ದರೆ ಅತ್ತೆಯ ನೋವು ಉಳಿಯುತ್ತಲೇ ಇರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ನಾಲ್ಕು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ.

ಮಾವ ಮೊದಲು ಒಪ್ಪಲಿಲ್ಲ. "ಈ ವಯಸ್ಸಿಗೆ ಇಪ್ಪತ್ತು ಸಾವಿರ ಯಾಕಮ್ಮಾ, ಮಗೂಗೆ ಇಟ್ಟುಕೋ" ಎಂದರು. ಅತ್ತೆ ಅಡುಗೆಮನೆಯಿಂದಲೇ, "ನನ್ನನ್ನ ನೋಡಿಕೊಂಡದ್ದು ಸಾಲದೇನು? ಸುಮ್ಮನೆ ಹಾಕಿಸಿಕೊಳ್ಳಿ" ಎಂದರು. ಮೊದಲ ಡೋಸ್ ಆಯಿತು. ಒಂದು ರಾತ್ರಿ ಜ್ವರ ಬಂತು, ಮರುದಿನ ಮಧ್ಯಾಹ್ನಕ್ಕೆ ಎದ್ದು ಕಾಫಿ ಕೇಳಿದರು.

ಊರಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನಿಗೆ ಇವತ್ತೇ ಫೋನ್ ಮಾಡಿ. ಲಸಿಕೆಯ ಮಾತು ಆಮೇಲೆ ಆಡಿದರೂ ಸರಿ, 72 ಗಂಟೆಯ ಮಾತು ಮೊದಲು ಹೇಳಿ. 🙏